ಎಂಟನೆಯ ಸುತ್ತು

ಲ್ಯಾರಮಿಯಲ್ಲಿ ಬೆಳಗಿನ ಐದೂಮುಕ್ಕಾಲು.
ಇಲ್ಲಿ ಗಾಳಿಗೆ ಬಿಡುವೆಂಬುದಿಲ್ಲ,
ಕಡಲಿಗಿಂತ ಏಳು ಸಾವಿರ ಅಡಿ ಮೇಲೆ
ಎಲ್ಲರ ಉಸಿರಿನಿಂದಲೂ ತನ್ನ ಪಾಲು ಕಿತ್ತುಕೊಂಡೇ ಹೋಗುತ್ತದೆ.
ನನ್ನ ಕೈಯಲ್ಲಿ ರಟ್ಟು, ದಾರಕ್ಕೆ ಕಟ್ಟಿದ ಪೆನ್ಸಿಲ್ಲು.
ಒಬ್ಬ ಓಡುವವನಿಗೆ ಒಬ್ಬ ಎಣಿಸುವವನು:
ವೆಂಡೆಲ್ ಹಾಸ್ಕಿನ್ಸನಿಗೆ ನಾನು, ಕೆಡೆಟ್ ಹೊಸಮನಿ.

ಎರಡು ಮೈಲಿ, ಎಂಟು ಸುತ್ತು, ಹದಿನೇಳು ನಿಮಿಷ.
ಅಷ್ಟರೊಳಗೆ ಬಂದರೆ ವಿದ್ಯಾರ್ಥಿವೇತನ,
ಬಾರದಿದ್ದರೆ ಬಫಲೋ ಎಂಬೂರಿನಲ್ಲಿ
ಸೋದರಮಾವನ ಟೈರಿನಂಗಡಿ.

ಹಿಂದಿನ ರಾತ್ರಿ ಎರಡು ಗಂಟೆಯವರೆಗೆ ನಾವಿಬ್ಬರೂ
ಸ್ಟ್ಯಾಟಿಕ್ಸ್ ಪುಸ್ತಕದ ಒಂದು ತೊಲೆಯನ್ನು
ಎರಡು ಆಧಾರಗಳ ಮೇಲೆ ನಿಲ್ಲಿಸಲು ಒದ್ದಾಡಿದ್ದೆವು.
ಅಂಕದ ಸರಾಸರಿ ಎರಡೂವರೆಗಿಂತ ಇಳಿಯಕೂಡದು,
ಕೂದಲು ಕಿವಿ ಮುಟ್ಟಕೂಡದು,
ಸುಳ್ಳು ಹೇಳಕೂಡದು, ಹೇಳುವವನನ್ನು ಸಹಿಸಕೂಡದು.
‘ಕೊನೇದು ಸುಲಭ ಕಣೋ’ ಅಂದಿದ್ದ, ರಬ್ಬರು ಕಚ್ಚುತ್ತ,
‘ಈ ತೊಲೆಯದೇ ಕಷ್ಟ.’

ಹಾಳೆಯ ಮೇಲೆ ಗೀಟು, ಬೆರಳ ಗೆಣ್ಣಿನ ಮೇಲೆ ಹೆಬ್ಬೆರಳು:
ಗದಗಿನ ಚಿಗವ್ವ ಹಾಲಿನ ಲೆಕ್ಕ ಇಡುತ್ತಿದ್ದದ್ದು ಹೀಗೆ,
ತೋರುಬೆರಳಿಗೆ ಮೂರು, ನಡುಬೆರಳಿಗೆ ಮೂರು,
ಏಳಕ್ಕೆ ಉಂಗುರಬೆರಳಿನ ಬುಡ.
ಹೆಬ್ಬೆರಳು ಅಲ್ಲೇ ಇತ್ತು.
ಪೆನ್ಸಿಲ್ಲು ಎಂಟನೆಯ ಗೀಟು ಎಳೆದುಬಿಟ್ಟಿತ್ತು.

‘ಎಂಟು!’
ಕೂಗಿದ ದನಿ ನನ್ನದೇ.

ಅವನು ಬಾಗಿದ, ಹಳದಿ ನೀರು ಕಾರಿದ,
ಯಾರೋ ಬೆನ್ನು ತಟ್ಟಿದರು.
ಹದಿನಾರು ನಿಮಿಷ ನಲವತ್ತು ಸೆಕೆಂಡು.
ತಲೆಕೆಳಗಾಗಿ, ತನ್ನ ಮೊಣಕಾಲುಗಳ ಸಂದಿನಿಂದ
ನನ್ನನ್ನು ನೋಡಿದ.
ಉಪಕಾರ ನೆನೆವ ನೋಟವಲ್ಲ, ಬೈಗುಳವೂ ಅಲ್ಲ.
ಅಂಗಾಲಿಗೆ ನಟ್ಟದ್ದು ಮುಳ್ಳೋ ಗಾಜೋ ಎಂದು
ನಾವು ನಮ್ಮ ಕಾಲನ್ನೇ ತಿರುವಿ ನೋಡಿಕೊಳ್ಳುತ್ತೇವಲ್ಲ, ಹಾಗೆ.

‘ಇನ್ನೊಂದಿದೆ, ಸಾರ್ಜೆಂಟ್.’

ಸಾರ್ಜೆಂಟ್ ಲುಹಾನ್ ಏನೂ ಅನ್ನಲಿಲ್ಲ.
ಅವರ ಹೆಬ್ಬೆರಳು ಗಡಿಯಾರದ ಗುಂಡಿಯ ಮೇಲಿತ್ತು.
ಒತ್ತಿರಲಿಲ್ಲ.

ಆಮೇಲಿನದನ್ನು ಓಟ ಎನ್ನಲಾರೆ.
ಬಿಚ್ಚಿದ ಲೇಸೊಂದು ನೆಲ ಗುಡಿಸುತ್ತ ಅವನ ಜೊತೆ ಹೋಯಿತು.
ಬೇಲಿಯಾಚೆ ಮೂರು ಹುಲ್ಲೆಗಳು ಕತ್ತೆತ್ತಿ ನೋಡಿ
ಇದರಲ್ಲಿ ನೋಡುವಂಥದ್ದಿಲ್ಲವೆಂದು ಮತ್ತೆ ಮೇಯತೊಡಗಿದವು.
ಮಿಕ್ಕವರೆಲ್ಲ ಕೈಗವಸು ಹಾಕಿಕೊಳ್ಳುತ್ತ
ನೀರಿನ ಬಾಟಲಿ ಹುಡುಕುತ್ತ, ನನ್ನತ್ತ ಮಾತ್ರ ನೋಡದೆ ನಿಂತರು.
ಹತ್ತೊಂಬತ್ತು ಐವತ್ತೆರಡು.
ಅನುತ್ತೀರ್ಣ.

ಮಧ್ಯಾಹ್ನ ನನಗೊಂದು ನಮೂನೆ ಕೊಟ್ಟರು.
‘ನಡೆದದ್ದೇನು’ ಎಂಬುದಕ್ಕೆ ಅಂಗೈಯಗಲದ ಚೌಕ.
ಇಂಗ್ಲಿಷಿನಲ್ಲಿ ಒಂದು ಸಾಲು ಬರೆದೆ. ಒಳಗೆ ಅದು ಕನ್ನಡದಲ್ಲಿ ಓದಿಕೊಂಡಿತು:
ಎಣಿಕೆ ತಪ್ಪಿತು.
ತಾನಾಗಿಯೇ. ಬಸ್ಸು ತಪ್ಪುವಂತೆ, ತಾಳ ತಪ್ಪುವಂತೆ,
ಯಾರ ಕೈವಾಡವೂ ಇಲ್ಲದೆ.
ತಪ್ಪಿತೋ, ತಪ್ಪಿಸಿದೆಯೋ?
ನಡುವೆ ಒಂದು ‘ಸಿ’ ತೂರಿಕೊಂಡರೆ ಸಾಕು,
ವಾಕ್ಯಕ್ಕೆ ಕೈ ಮೂಡುತ್ತದೆ.
(ಅದೇ ವಾರ ಸ್ಟ್ಯಾಟಿಕ್ಸಿನಲ್ಲಿ ವೆಂಡೆಲ್ಲನಿಗೆ ಬಂದದ್ದೂ ಸಿ.
ತೊಲೆ ನಿಂತಿತು.)

ಇನ್ನೊಂದು ಹಾಳೆ ಬೇಕೆಂದೆ.
ಯಾಕೆಂದು ಕೇಳದೆ ಲುಹಾನ್ ಮೇಜಿನ ಮೇಲಿಂದಲೇ ಎತ್ತಿ ಕೊಟ್ಟರು,
ಡ್ರಾಯರು ಕೂಡ ಎಳೆಯಲಿಲ್ಲ.

ಈ ವರ್ಷ ನನ್ನ ಕೈಗೆ ರಟ್ಟು ಕೊಡುವುದಿಲ್ಲ.
ಅವನಿಗೆ ನವೆಂಬರಿನಲ್ಲಿ ಇನ್ನೊಂದು ಅವಕಾಶ, ಅದೇ ಕಡೆಯದು.
ದಿನಾ ಐದಕ್ಕೆ, ಹಿಮ ಬಿದ್ದ ದಿನವೂ,
ಒಬ್ಬರ ಹೊಗೆಯುಸಿರಿನೊಳಗೆ ಇನ್ನೊಬ್ಬರು ಓಡುತ್ತೇವೆ.
ಎಣಿಸುವವನು ಈಗ ಅವನು, ಗಟ್ಟಿಯಾಗಿ, ನಾನು ಕಲಿಸಿದ ಕನ್ನಡದಲ್ಲಿ.
ಆರರ ತನಕ ಅಡ್ಡಿಯಿಲ್ಲ.
ಏಳಕ್ಕೆ ನಾಲಿಗೆ ಮಡಚುವುದಿಲ್ಲ, ‘ಏಲು’ ಅನ್ನುತ್ತಾನೆ.
ನಾನು ತಿದ್ದಲು ಹೋಗುವುದಿಲ್ಲ.
ಏಲು ಅಂದಮೇಲೆ ಇನ್ನೂ ಒಂದು ಸುತ್ತಿದೆಯೆಂದು
ಇಬ್ಬರಿಗೂ ಗೊತ್ತು.