ಹತ್ತು ಕಾಳು

ನನ್ನ ಚೀಲದಲ್ಲಿರುವುದು ಇಷ್ಟು:
ಅಂಚು ನಗ್ಗಿದ ಒಂದು ತಗಡಿನ ತಟ್ಟೆ,
ರಕ್ತದೊತ್ತಡದ ಪಟ್ಟಿ,
ಹಿಂಡಿದರೆ ಮುಳ್ಳು ಏರುವ ಉಕ್ಕಿನ ಹಿಡಿ,
ಪೊಟ್ಟಣದಲ್ಲಿ ಕೆಂಪು ಚುಕ್ಕೆಯ ಬೀನ್ಸ್ ಕಾಳು, ಎಣಿಸಿ ಹತ್ತು.

ರುಂಫಿಯಿಂದ ಬಸ್ಸು,
ಆಮೇಲೆ ಬಾಡಿಗೆ ಸೈಕಲ್ಲಿನ ಹಿಂದಿನ ಸೀಟು,
ಆಮೇಲೆ ಕಾಲು.

ಪಟ್ಟಿಯಲ್ಲಿ ಆಕೆ ಇನ್ನೂರ ಹದಿನಾರು.
ಊರಿಗೆ ನ್ಯಾಕುಮ್ವೆಂಡ.
ವಯಸ್ಸು ಕೇಳಿದರೆ
'ಸೇತುವೆ ಕೊಚ್ಚಿಹೋದ ವರ್ಷ ನನ್ನ ಹಾಲುಹಲ್ಲು ಬಿತ್ತು' ಎಂದಳು.
ಸೇತುವೆಗೆ ನನ್ನ ಬಳಿ ಒಂದು ಕೋಷ್ಟಕವಿದೆ.
ಎಪ್ಪತ್ತೊಂದು ಎಂದು ಬರೆದೆ,
ಒಂದೆರಡು ಆಚೀಚೆ.

ಮನೆ ಎಂದರೇನು ಎಂದು ತರಬೇತಿಯಲ್ಲಿ ಹೇಳಿಕೊಟ್ಟಿದ್ದಾರೆ:
ಒಂದೇ ಮಡಕೆಯಿಂದ ಉಣ್ಣುವವರು.
ಸುಲಭ, ಮಡಕೆ ನೋಡುವ ತನಕ.
ಮೊಮ್ಮಗಳು ತಿವೊಂಗೆ ಮಲಗುವುದು ಇಲ್ಲಿ,
ಉಣ್ಣುವುದು ಅತ್ತೆಯ ಮನೆಯಲ್ಲಿ,
ಅತ್ತೆಯ ಮನೆಗೆ ಜೋಳದ ಹಿಟ್ಟು ಹೋಗುವುದು ಇಲ್ಲಿಂದ.
ಆಚೆ ಗುಡಿಸಲಿನ ಮುದುಕ ಹರಾವಾ
ಎರಡು ಹೊತ್ತೂ ಬಂದು ಗೋಡೆಗೊರಗುತ್ತಾನೆ.
ಅವನನ್ನು ಯಾರೂ ಬಾ ಅಂದಿಲ್ಲ, ಯಾರೂ ಏಳು ಅಂದಿಲ್ಲ.
ಫಾರಂ ತಿರುಗಿಸಿ ನೋಡಿದೆ.
ಹಿಂಬದಿ ಖಾಲಿ.

ಬಿಪಿ ಮಾತ್ರೆ ದಿನಕ್ಕೆಷ್ಟು?
'ಅರ್ಧ.'
ಆಸ್ಪತ್ರೆಯ ಚೀಟಿಯಲ್ಲಿ ಒಂದು ಎಂದಿದೆಯಲ್ಲ?
ಗಲ್ಲ ಎತ್ತಿ ಗೋಡೆಯ ಕಡೆ ತೋರಿಸಿದಳು.
ಹರಾವಾ ಟೋಪಿ ತೆಗೆದು ನಕ್ಕ.
ಇಬ್ಬರ ರಕ್ತವೂ ಯಾಕೆ ಇಳಿಯದೆ ನಿಂತಿದೆ ಎಂದು
ರಾಜಧಾನಿಯಲ್ಲಿ ಯಾರೋ ತಲೆ ಕೆಡಿಸಿಕೊಳ್ಳುತ್ತಾರೆ.
ಮಾತ್ರೆ ಬಿಟ್ಟುದಕ್ಕೆ ನನ್ನ ಹತ್ತಿರ ಏಳು ಕಾರಣಗಳಿವೆ,
ಮರೆವು, ದೂರ, ದುಡ್ಡು, ಹೀಗೆ.
ಇದು ಇಲ್ಲ.
'ಇತರೆ' ಎಂದು ಗುರುತು ಹಾಕಿದೆ.

ಉಕ್ಕಿನ ಹಿಡಿ ಕೊಟ್ಟು ಹಿಂಡು ಎಂದೆ.
ಹದಿನೇಳು ಕಿಲೋ.
'ಇಷ್ಟು ಹಿಂಡಿದ್ದಕ್ಕೆ ಹಾಲಾದರೂ ಬರಬೇಡವೇ' ಎಂದಳು.

ಕೊನೆಗೆ ತಟ್ಟೆ.
ಹತ್ತೂ ಇಟ್ಟರೆ ಖಂಡಿತ, ಒಂದೂ ಇಡದಿದ್ದರೆ ಇಲ್ಲವೇ ಇಲ್ಲ,
ನಡುವಿನದು ನಿನ್ನ ಮನಸ್ಸು.
ನಾಳೆ ಸಂತೆಗೆ ಹೋಗುತ್ತೀಯಾ?
ಹತ್ತನ್ನೂ ಸುರಿದಳು. 'ಉಪ್ಪು ಮುಗಿದಿದೆ.'
ಸುಗ್ಗಿಗೆ ಮುಂಚೆ ಹಸಿದು ಮಲಗುವ ರಾತ್ರಿ ಬರುತ್ತದಾ?
ಆರು. ಒಳಗೆ ಇಣುಕಿ ಗುಡಾಣ ನೋಡಿ ಬಂದು, ಏಳು.
ಇನ್ನು ಐದು ವರ್ಷ ನೀನು ಬದುಕಿರುತ್ತೀಯಾ?

ಈ ಪ್ರಶ್ನೆ ಕೇಳುವಾಗ ನಾನು ನೆಲ ನೋಡುತ್ತೇನೆ.
ಅಲ್ಲಿ ಇರುವೆ ಇದ್ದವು, ಅವುಗಳ ಪಾಡಿಗೆ.

'ಹೆಚ್ಚಿಟ್ಟರೆ ಗಟ್ಟಿಮುಟ್ಟು ಎಂದು ಬಿಡುತ್ತೀರಿ,
ಕಡಿಮೆ ಇಟ್ಟರೆ ಹೇಗೂ ಹೋಗುವವಳು ಎಂದು ಬಿಡುತ್ತೀರಿ.
ಎಷ್ಟಿಟ್ಟರೆ ನಿಮ್ಮಲ್ಲಿ ನನ್ನ ಬೇಳೆ ಬೇಯುತ್ತದೆ,
ಅದನ್ನು ಮೊದಲು ಹೇಳು.'

ಕಾಳಿಗೂ ಮಾತ್ರೆಗೂ ಸಂಬಂಧವಿಲ್ಲ ಎಂದೆ.
ನಿಜವನ್ನೇ ಹೇಳಿದೆ,
ಕಿವಿ ಬಿಸಿಯಾಯಿತು.

ನಾಲ್ಕು ಇಟ್ಟಳು.
ಹರಾವಾ ಗೋಡೆ ಬಿಟ್ಟು ಬಗ್ಗಿ ಇನ್ನೊಂದು ಇಟ್ಟ.
ಅವಳು ತೆಗೆದಳು.
ಅವನು ಮತ್ತೆ ಇಟ್ಟ, ಟೋಪಿಯನ್ನು ತಟ್ಟೆಯ ಮೇಲೆ ಕವುಚಿದ.
ಬೇರೆಯವರು ಕಾಳು ಮುಟ್ಟಿದರೆ
ಪ್ರಶ್ನೆಯನ್ನು ಮೊದಲಿನಿಂದ ಕೇಳಬೇಕು,
ನಿಯಮ ಹನ್ನೊಂದು.
ಕೇಳಲಿಲ್ಲ.
ಐದು ಎಂದು ಬರೆದೆ.

ರಾತ್ರಿ ವಸತಿಗೃಹದ ಮಂಚದ ಮೇಲೆ ಪೊಟ್ಟಣ ಬಿಚ್ಚಿದರೆ
ಒಂಬತ್ತು.
ಚೀಲ ಕೊಡವಿದೆ, ಜೇಬು ತಡಕಿದೆ.
ನಾಳೆ ಬೆಳಿಗ್ಗೆ, ಇನ್ನೂರ ಹದಿನೇಳರ ಅಂಗಳದಲ್ಲಿ,
ತಟ್ಟೆಯನ್ನು ಮುಂದಿಟ್ಟು ಹೇಳಬೇಕು:
ಖಂಡಿತ ಎಂದರೆ
ಒಂಬತ್ತು.