ಹನ್ನೊಂದನೆಯ ಜೂನ್

ಹಡಪಸರದ ಈ ಕಮ್ಯುನಿಟಿ ಕಾಲೇಜಿನ ಎರಡನೇ ಮಾಳಿಗೆ,
ಗೋಡೆಗೆ ಬೆನ್ನು ಹಚ್ಚಿ ಇಪ್ಪತ್ಮೂರು ಮಂದಿ. ಹುದ್ದೆ ಒಂದು.
ಹುದ್ದೆಯೆಂದರೆ ಹುದ್ದೆಯಲ್ಲ, ತಾಸು:
ವಾರಕ್ಕೆ ಒಂಬತ್ತು ತಾಸು ನಕಾಶೆ ಓದಲು ಕಲಿಸಬೇಕು
ಸರ್ವೇ ಸಹಾಯಕರ ಡಿಪ್ಲೊಮಾಕ್ಕೆ,
ಬರುವ ಮಾರ್ಚಿನ ತನಕ.

ಗಣಪತಿ ಕೂತರೆ ತಾಸಿಲ್ಲ,
ದೀಪಾವಳಿಗೆ ತಾಸಿಲ್ಲ, ಪರೀಕ್ಷೆ ಕಾದರೂ ಅದು ತಾಸಲ್ಲ.
ತಾಸಿಲ್ಲದ ದಿನ ಕಾಸಿಲ್ಲ.
ಪ್ರಾಸಕ್ಕೆ ಹೇಳಿದ್ದಲ್ಲ ಇದು, ಕರಾರಿನ ನಾಲ್ಕನೇ ಕಲಮು.

ನನ್ನ ನೀಲಿ ಫೈಲಿನ ರಬ್ಬರು ಸಡಿಲಾಗಿ
ಮಗಳ ಜಡೆಯ ಬ್ಯಾಂಡು ಸುತ್ತಿದ್ದೇನೆ.
ಒಳಗೆ ಅಕ್ಕಲಕೋಟೆಯ ಕನ್ನಡ ಶಾಲೆಯ ದಾಖಲೆ, ಎಂ.ಎ., ಸೆಟ್,
ಮತ್ತೊಂದು ಅಫಿಡವಿಟ್ಟು:
ಮಹಾನಂದಾ ಕಲಶೆಟ್ಟಿಯೂ ಮಹಾನಂದ ಕಲ್‌ಶೆಟ್ಟಿಯೂ
ಒಬ್ಬಳೇ ಎಂದು.
ಹತ್ತು ಜೂನ್ ನಂಬಿದ್ದಾರೆ.
ಹತ್ತು ಸಲವೂ ಮೂಲಪ್ರತಿ ಕೇಳಿದ್ದಾರೆ.

ಶಿಪಾಯಿ ಘುಲೆ ಮಾಮಾ ಚಹಾದ ತಟ್ಟೆ ಹಿಡಿದು ಬಂದವರು
ನನ್ನನ್ನು ಕಂಡು ‘ಪುನ್ಹಾ?’ ಅಂದರು.
‘ಪುನ್ಹಾ,’ ಅಂದೆ.
ಮತ್ತೆ ಅನ್ನುವುದಕ್ಕೆ ಎಲ್ಲ ಭಾಷೆಯಲ್ಲೂ ಒಂದೇ ಮುಖ.
ಅವರು ಕಾಯಂ. ನನ್ನ ಕಪ್ಪನ್ನು ತುಸು ತುಂಬಿಯೇ ಕೊಟ್ಟರು.

ಆಗ ಮೆಟ್ಟಿಲು ಹತ್ತಿ ಬಂದಳು ತಬಸ್ಸುಮ್ ಇನಾಮದಾರ,
ಎಂಟು ವರ್ಷದ ಹಿಂದೆ ನನ್ನ ಸಂಜೆ ಬ್ಯಾಚಿನ ಕಡೆಯ ಬೆಂಚು.
ಹಗಲೆಲ್ಲ ಔಷಧಿ ಅಂಗಡಿಯಲ್ಲಿ ನಿಂತು ಬಂದು
ನಿದ್ದೆಗಣ್ಣಲ್ಲೇ ಬೆಟ್ಟ ಬರೆಯುತ್ತಿದ್ದಳು.
ಅರ್ಧ ಬಟಾಟೆಯನ್ನು ಡಬ್ಬಿಯಲ್ಲಿಟ್ಟು, ನೀರು ಹೊಯ್ದು,
ನೀರು ಏರಿದಷ್ಟೂ ಅಂಚಿಗೆ ಪೆನ್ನಿಂದ ಗೆರೆ ಎಳೆದು
ಸಮೋನ್ನತ ರೇಖೆ ಅಂದರೇನು, ಅವಳಿಗೆ ತೋರಿಸಿದ್ದೆ.
ಆ ಬಟಾಟೆ ಮನೆಗೊಯ್ದು ಪಲ್ಯ ಮಾಡಿದಳಂತೆ.

ಸಲಾಮು ಮಾಡಿ ಕೇಳಿದಳು:
‘ಮೇಡಂ, ಇಂಟರ್‌ವ್ಯೂ ತಗೊಳ್ಳೋದು ನೀವೇನಾ?’

ನಗಬಹುದಿತ್ತು. ಫೈಲನ್ನು ಸೆರಗಿನ ಮರೆಗೆ ಸರಿಸಬಹುದಿತ್ತು.
‘ನಂದು ಹದಿನಾಲ್ಕು,’ ಅಂದೆ. ‘ನಿಂದು?’
ಚೀಟಿಯನ್ನು ಮುಷ್ಟಿಯೊಳಗೇ ಮಡಚಿ ‘ಹದಿನೈದು,’ ಅಂದಳು,
ತಪ್ಪು ಉತ್ತರ ಹೇಳುವಾಗಿನ ಅದೇ ದನಿ.
ಆಮೇಲೆ ಇಬ್ಬರೂ ಫ್ಯಾನು ನೋಡಿದೆವು.
ಅದು ತಿರುಗುತ್ತಿರಲಿಲ್ಲ.

‘ಚಾಕ್‌ಪೀಸು ತಂದೀಯಾ? ಅವರು ಇಡೋದಿಲ್ಲ.’
ಪರ್ಸಿನಿಂದ ತೆಗೆದು ಅರ್ಧ ಮುರಿದು ಕೊಟ್ಟೆ.

ಹದಿನಾಲ್ಕು.
ಖಾಲಿ ಬೆಂಚುಗಳಿಗೆ ಏಳು ನಿಮಿಷದ ಡೆಮೊ ಪಾಠ.
ಮೂವರಲ್ಲಿ ಒಬ್ಬರು ಫೋನಿನಲ್ಲಿದ್ದರು,
ಒಬ್ಬರು ನನ್ನ ವಯಸ್ಸಿನ ಕಾಲಮ್ಮಿನಲ್ಲಿ.
ಅಭ್ಯಾಸಬಲದಿಂದ ಕೇಳಿಬಿಟ್ಟೆ:
‘ಹಿಂದಿನ ಬೆಂಚು, ತಿಳೀತಾ?’
ಮೂರನೆಯವರು ಬೆಚ್ಚಿ ‘ಹೂಂ’ ಅಂದರು.

ಹೊರಗೆ ಬಂದೆ. ಸ್ವಾರಗೇಟಿನ ಬಸ್ಸಿಗೆ ಹೊತ್ತಾಗಿತ್ತು. ಕೂತೆ.
ಬಾಗಿಲ ಸಂದಿಯಲ್ಲಿ ಅವಳ ದನಿ:
ಬಟಾಟೆ, ಡಬ್ಬಿ, ನೀರು.
ನಾನು ಉಸಿರು ನಿಲ್ಲಿಸುವಲ್ಲೇ ನಿಲ್ಲಿಸುತ್ತಾಳೆ ಹುಡುಗಿ.
ಆಮೇಲೆ: ‘ಗೆರೆಗಳು ದೂರ ದೂರ ಇದ್ದರೆ ಏರು ಕಡಿದು.’

ತಪ್ಪು.

ಹದಿನಾಲ್ಕನೇ ನಂಬರಿನ ಕಲಶೆಟ್ಟಿ ಸುಮ್ಮನಿದ್ದಳು.
ಮಗಳ ಫೀಸು, ಜಡೆಯ ಬ್ಯಾಂಡು, ಒಂಬತ್ತು ತಾಸು
ಎಲ್ಲ ನೆನೆದು ಸುಮ್ಮನಿದ್ದಳು.
ಇನ್ನೊಬ್ಬಳು, ಅಫಿಡವಿಟ್ಟಿನ ಆ ಇನ್ನೊಂದು ಹೆಸರಿನವಳು,
ಆಗಲೇ ಎದ್ದು ಬೆರಳ ಗೆಣ್ಣಿನಿಂದ ಬಾಗಿಲಿಗೆ
ಎರಡು ಸಲ ಕುಟ್ಟಿಬಿಟ್ಟಿದ್ದಳು,
ಹಲಗೆಗೆ ಕುಟ್ಟುವ ಹಾಗೆ.

ಒಳಗೆ ಚಾಕ್‌ಪೀಸು ನಿಂತಿತು.
‘ಯಾರದು?’ ಗಂಡು ದನಿ.
ಖಾಲಿ ಕಪ್ಪು ಎತ್ತುತ್ತಿದ್ದ ಘುಲೆ ಮಾಮಾ
ನನ್ನ ಮುಖ ನೋಡಿ, ಗಟ್ಟಿಯಾಗಿ,
‘ಚಹಾ, ಸಾಹೇಬ್,’ ಅಂದರು.

ತುಸು ಹೊತ್ತು ಏನೂ ಇಲ್ಲ.
ಆಮೇಲೆ ಅಂಗೈಯಿಂದ
ಹಲಗೆ ಒರೆಸುವ ಸದ್ದು.