ಒರೆಸಿದ ಅಕ್ಷರದ ಬಾಬ್ತು

ಸವಾರ್‌ಲೈನ್ ರಸ್ತೆಯಲ್ಲಿ ಸೈಕಲ್ ಷಾಪಿದ್ದ ಮಳಿಗೆಗೆ
ಸುಣ್ಣ ಬಳಿಸಿ, ಆರು ಮೇಜು ಹಾಕಿಸಿ
ಇನಾಸ ರೆಬೆಲ್ಲೊ ನನ್ನನ್ನು ಕರೆಸಿದ.
ಬೋರ್ಡು ಬರೆಯಬೇಕು. ಕನ್ನಡದಲ್ಲಿ. ಆದರೆ ಫ್ರೆಂಚು.

ಹನ್ನೊಂದು ವರ್ಷ ಪುದುಚೇರಿಯಲ್ಲಿ
ಒಬ್ಬ ಮುದುಕಿ ಮದಾಮಳ ಮನೆಯಲ್ಲಿ ಈರುಳ್ಳಿ ಹೆಚ್ಚಿದವನು.
ಅವಳು ಸತ್ತಾಗ ಇವನ ಪಾಲಿಗೆ ಬಂದದ್ದು
ಮೂರು ತಾಮ್ರದ ಬೋಗುಣಿ, ಒಂದು ನಾಲಿಗೆ.

ನನ್ನ ದರ ಅಕ್ಷರಕ್ಕೆ ಇಪ್ಪತ್ತು ರೂಪಾಯಿ.
ಒತ್ತಿಗೆ ಬೇರೆ ಇಲ್ಲ, ದೀರ್ಘಕ್ಕೆ ಬೇರೆ ಇಲ್ಲ.
ಮಂಡಿ, ಕ್ಲಿನಿಕ್ಕು, ಮಾಂಸದಂಗಡಿ, ಶ್ರದ್ಧಾಂಜಲಿ
ಎಲ್ಲಕ್ಕೂ ಒಂದೇ ಕೈ.
'ರೆಸ್ಟೋರೆಂಟ್' ಎಂದು ಸೀಮೆಸುಣ್ಣದಲ್ಲಿ ಗೀಚುತ್ತಲೇ
ಕೊನೆಯ ಟಕಾರವನ್ನು ಹೆಬ್ಬೆರಳಲ್ಲಿ ಒರೆಸಿಬಿಟ್ಟ.
'ಅದನ್ನ ಅವರು ಅನ್ನೋದಿಲ್ಲ ಮಾರಾಯ.'
ಮತ್ತೆ ಬರೆಯೋದು ಯಾಕೆ?
'ಬರೀತಾರೆ. ಅನ್ನೋದಿಲ್ಲ.'

ಕನ್ನಡದ ಕೈ ನನ್ನದು, ತಬ್ಬಿಬ್ಬಾಯಿತು.
ನಮ್ಮಲ್ಲಿ ಬರೆದದ್ದೆಲ್ಲ ಬಾಯಿಗೆ ಬರಲೇಬೇಕು,
ಅರ್ಧಾಕ್ಷರ ಕೂಡ ಅರ್ಧ ಮಾತ್ರೆಯ ಕೂಲಿ ಕೇಳುತ್ತದೆ.
ಇವರಲ್ಲೋ, ಮದುವೆಮನೆಗೆ ಬಂದ ದೂರದ ನೆಂಟರ ಹಾಗೆ
ಅಕ್ಷರಗಳು ಸಾಲಾಗಿ ಕೂತಿರುತ್ತವೆ,
ಯಾರೂ ಮಾತಾಡಿಸುವುದಿಲ್ಲ.
ಬರೆದು ಒರೆಸಿದ್ದರ ಬಾಬ್ತು ಯಾರು ಕೊಡಬೇಕು, ಎಂದೆ.
ನಕ್ಕ. 'ಅದಕ್ಕೆ ಊಟ ಹಾಕ್ತೀನಿ. ಹೆಂಡತೀನೂ ಕರ್ಕೊಂಡು ಬಾ.'

ಎಸ್ಕಾರ್ಗೊ ಬರೆಯುವಾಗ ಕೇಳಿದೆ, ಏನಿದು?
ಕಿವಿಯ ಹತ್ತಿರ ಬಂದು ಹೇಳಿದ: ಬಸವನಹುಳು.
ಹಾಗಂತಲೇ ಬರೆದುಬಿಡಲಾ?
'ಬರೆದರೆ ದುರ್ಗಿಗುಡಿಯಿಂದ ಒಂದು ನಾಯಿಯೂ ಬರೋದಿಲ್ಲ.'

ಭಾನುವಾರ ರಾತ್ರಿ ಹೋದೆವು. ದೇವೀರಿ
ಸೊಸೈಟಿ ಮೀಟಿಂಗಿನ ಸೀರೆ ಉಟ್ಟಿದ್ದಳು.
ಪಕ್ಕದ ಮೇಜಲ್ಲಿ ಮೆಡಿಕಲ್ ಕಾಲೇಜಿನ ಹುಡುಗರು
ಫೋಟೊ ತೆಗೆಯುತ್ತಿದ್ದರು, ಸೂಪು ಆರುತ್ತಿತ್ತು.
ನಮಗೂ ಅದೇ: ಈರುಳ್ಳಿ, ಮೇಲೆ ಬ್ರೆಡ್ಡು, ಅದರ ಮೇಲೆ ಕರಗಿದ ಚೀಸು.
'ಈರುಳ್ಳಿ ಸೀದಿದೆ' ಎಂದಳು. ಎರಡು ಚಮಚದ ನಂತರ
'ಬೇಕಂತಲೇ ಸೀಯಿಸಿದಾನೆ' ಎಂದಳು.

ಆಮೇಲೆ ಅದು ಬಂತು. ಆರು ಕುಳಿಯ ತಟ್ಟೆಯಲ್ಲಿ
ಬೆಣ್ಣೆ ಬೆಳ್ಳುಳ್ಳಿಯೊಳಗೆ ಇನ್ನೂ ಚುರುಗುಟ್ಟುವ ಆರು ಚಿಪ್ಪು,
ಹಿಡಿಯಲು ಒಂದು ಇಕ್ಕಳ, ಎರಡು ಹಲ್ಲಿನ ಪುಟ್ಟ ಮುಳ್ಳುಚಮಚ,
ಮತ್ತು ಆರುನೂರ ನಲವತ್ತು: ನಾನೇ ಬರೆದ ಅಂಕಿ.
ನನ್ನ ಇಕ್ಕಳದಿಂದ ಮೊದಲನೆಯದು ಜಾರಿ
ಮೆಡಿಕಲ್ ಕಾಲೇಜಿನ ಕಾಲಡಿಗೆ ಹೋಯಿತು.

ದೇವೀರಿ ನಗಲಿಲ್ಲ. ಬಳೆಯಿಂದ ಪಿನ್ನು ಬಿಚ್ಚಿದಳು.
ಚಿಪ್ಪನ್ನು ಎಡಗೈಯಲ್ಲಿ ಹೊರಳಿಸಿ
ಬಾಯಿಗೆ ಪಿನ್ನು ಕೊಟ್ಟು ಮಣಿಕಟ್ಟು ತಿರುವಿದಳು,
ಒಂದೇ ಸುತ್ತು, ಹಿಂದಕ್ಕೆ.
ಪೂರ್ತಿ ಬಂತು, ಬಾಲದ ಸುರುಳಿ ಸಮೇತ.
ಎರಡನೆಯದು. ಮೂರನೆಯದು.

ಮೂವತ್ತು ವರ್ಷದ ಹಿಂದೆ, ಹೊಸನಗರದಾಚೆ,
ಅವರ ಜಗಲಿಯಲ್ಲಿ ಅವಲಕ್ಕಿ ಬಾಳೆಹಣ್ಣು ಮುಗಿಸಿ
ನನ್ನವ್ವ ಅಂದಿದ್ದಳು, ಒಳಗೆ ಕೇಳುವಷ್ಟು ಜೋರಾಗಿ:
'ನಮ್ಮಲ್ಲಿ ಕೋಳಿ ಉಂಟು, ಮೀನು ಉಂಟು.
ಗದ್ದೆ ಗುಳ್ಳೆ ತಿನ್ನೋರ ಸಂಗಡ ಮಾತ್ರ ನೆಂಟಸ್ತನ ಇಲ್ಲ.'
ಒಳಗಿನಿಂದ ಲೋಟ ತೊಳೆಯುವ ಸದ್ದು ಬಂದಿತ್ತು.
ಬೇರೆ ಏನೂ ಬಂದಿರಲಿಲ್ಲ.

'ಯಾವಾಗ ಕಲಿತೆ?' ಎಂದೆ.
'ನಡೆಯೋದು ಕಲಿತಾಗ.'
ಬ್ರೆಡ್ಡಿನ ಚೂರಲ್ಲಿ ಬೆಣ್ಣೆ ಒರೆಸಿಕೊಂಡು
'ಅಪ್ಪ ಇದಕ್ಕೆ ವಾಟೆಹುಳಿ ಹಾಕ್ತಿದ್ದ. ಇವನಿಗೆ ಹೇಳು' ಎಂದಳು.
ಹೇಳಬೇಕಾಗಲಿಲ್ಲ. ಇನಾಸ ಅಡಿಗೆಮನೆ ಬಾಗಿಲಲ್ಲಿ
ಸೌಟು ಹಿಡಿದು ನಿಂತು
ಆ ಪಿನ್ನನ್ನೇ ನೋಡುತ್ತಿದ್ದ.

ಸೋಮವಾರ ಬೆಳಿಗ್ಗೆ ಏಣಿ ಹಾಕಿದೆ.
ಎಸ್ಕಾರ್ಗೊ ಪಕ್ಕದಲ್ಲಿ ಎರಡೇ ಅಕ್ಷರ: ಗುಳ್ಳೆ.
ದುಡ್ಡು ಕೇಳಲಿಲ್ಲ, ಇನಾಸನನ್ನೂ ಕೇಳಲಿಲ್ಲ.
ಕೆಳಗೆ ಏಣಿ ಹಿಡಿದಿದ್ದ ದೇವೀರಿ
ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿ ಹೇಳಿದಳು,
'ಒತ್ತು ಸಣ್ಣದಾಯ್ತು. ರಸ್ತೆಗೆ ಕಾಣೋದಿಲ್ಲ.'